ಕೆಂಪು ಕ್ಲಿಪ್ಪು ಬಲಗೈಗೆ



ಇದು ಉದ್ದದ ಬರಹ. ಬಿಡುವಾದಾಗ ಓದಿ, ಆದರೆ ಓದಿ. ಇಷ್ಟು ಕಾಲ ಮನೆಯವರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಮಾತು ಇದರಲ್ಲಿದೆ.

ಹೋದ ಭಾನುವಾರ ಟ್ರಂಕು ತೆಗೆದು ಅಪ್ಪನ ಕಾಗದಪತ್ರ ಹುಡುಕುತ್ತಿದ್ದೆ. ಜಾತಿ ಪ್ರಮಾಣಪತ್ರದ ಹಳೆ ಪ್ರತಿ, ಹರಿದ ರೇಷನ್ ಕಾರ್ಡು, ಗಣಿಯ ಗುತ್ತಿಗೆದಾರ ಕೊಟ್ಟಿದ್ದ ಒಂದು ಚೀಟಿ. ಎಲ್ಲದರ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಉದ್ದನೆಯ ಇಸಿಜಿ ಕಾಗದ. 2007ರದ್ದು. ಬಿಚ್ಚಿ ನೋಡಿದೆ. ಗುಲಾಬಿ ಚೌಕಳಿ ಹಾಗೇ ಇದೆ. ಅದರ ಮೇಲೆ ಓಡಬೇಕಿದ್ದ ಕಪ್ಪು ಗೆರೆ ಅಳಿಸಿ ಹೋಗಿದೆ. ನಮ್ಮಪ್ಪನ ಎದೆಬಡಿತದ ಒಂದೇ ಒಂದು ದಾಖಲೆ ನಮ್ಮನೆಯಲ್ಲಿದ್ದದ್ದು, ಅದೂ ಖಾಲಿ.

ನಾನು ಕಚೇರಿಯಲ್ಲಿ ಗುಮಾಸ್ತೆ. ಕಾಗದದ ಜಾತಕ ನನಗೆ ಗೊತ್ತಿರಬೇಕಿತ್ತು. ಬಸ್ ಟಿಕೆಟ್, ಎಟಿಎಂ ಚೀಟಿ ಹೇಗೋ ಹಾಗೆ ಇದೂ ಶಾಖಕ್ಕೆ ಕಪ್ಪಾಗುವ ಕಾಗದ. ಬಿಸಿಲು, ಶಾಖ, ಪ್ಲಾಸ್ಟಿಕ್ ಕವರು, ಎಲ್ಲವೂ ಅದಕ್ಕೆ ಶತ್ರು. ಆವತ್ತೇ ಜೆರಾಕ್ಸ್ ಮಾಡಿಸಿದ್ದರೆ ಉಳಿಯುತ್ತಿತ್ತು. ಜೋಪಾನ ಮಾಡ್ತೀನಿ ಅಂತ ಪ್ಲಾಸ್ಟಿಕ್ಕಿನಲ್ಲಿಟ್ಟು ನಾನೇ ಅಳಿಸಿದೆ.

ಆದರೆ ಹೇಳಬೇಕಾದ ಮಾತು ಅದಲ್ಲ.

ಆಗ ನಾವು ಸಂಡೂರು ತಾಲೂಕಿನ ಒಂದು ಊರ ಕೇರಿಯಲ್ಲಿದ್ದೆವು. ಅಪ್ಪ ಗಣಿಯಲ್ಲಿ ಅದಿರು ತುಂಬುವ ಕೆಲಸಕ್ಕೆ ಹೋಗುತ್ತಿದ್ದ. ಆ ಕಾಲ ನೆನಪಿರುವವರಿಗೆ ಗೊತ್ತು, ಮರದ ಎಲೆ ಕೆಂಪು, ಒಣಗಿಸಿದ ಬಟ್ಟೆ ಕೆಂಪು, ಉಗುಳಿದರೆ ಉಗುಳೂ ಕೆಂಪು. ಹಗಲೂ ರಾತ್ರಿ ಲಾರಿ. ಒಂದು ದಿನ ಸಂಜೆ ಕೆಲಸದಿಂದ ಬಂದವನೇ ಕೈಕಾಲು ಕೂಡ ತೊಳೆಯದೆ ಕಟ್ಟೆ ಮೇಲೆ ಕೂತ. "ಯಾಕೋ ಎದಿ ಹಿಡ್ಕೊಂಡಂಗ ಆಗೇತವ್ವಾ" ಅಂದ. ಹಣೆ ಮೇಲೆ ಬೆವರು. ಅದು ಚಳಿಗಾಲ.

ಹತ್ತಿರದ ಊರಿನ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದೆ. ಅದರ ಹೆಸರು ಬೇಡ, ಊರಿನ ಹೆಸರೂ ಬೇಡ. ಡಾಕ್ಟರ್ ಇರಲಿಲ್ಲ, ಇಸಿಜಿ ತೆಗೆಯುವ ಹುಡುಗ ಇದ್ದ. ಹೆಸರು ಕೇಳಿದ, ವಯಸ್ಸು ಕೇಳಿದ, ಆಮೇಲೆ "ಯಾವ ಕೇರಿ?" ಅಂದ. ಹೇಳಿದೆ. ಅವನು ಒಂದು ಗಳಿಗೆ ಸುಮ್ಮನಿದ್ದ. ನಂತರ ನಾಲ್ಕು ಕ್ಲಿಪ್ಪುಗಳನ್ನು ಮಂಚದ ತುದಿಯಲ್ಲಿಟ್ಟು "ಕೈಗೆ ಕಾಲಿಗೆ ನೀವೇ ಹಾಕ್ರಿ" ಅಂದ.

ನನಗಾಗ ಇಪ್ಪತ್ತಾರು. ಬಿಎ ಮುಗಿಸಿದ್ದೆ. ಓದಿದವಳು ಅನ್ನೋ ಧಿಮಾಕಿತ್ತು. ಯಾವುದು ಎಲ್ಲಿಗೆ ಅಂತ ಕೇಳಲಿಲ್ಲ. ಕೇಳಿದರೆ ಇಷ್ಟೂ ಗೊತ್ತಿಲ್ಲವಾ ಅಂದಾನು ಅಂತ ನಾಚಿಕೆ. ಕೆಂಪು ಒಂದು ಕೈಗೆ, ಹಳದಿ ಇನ್ನೊಂದು ಕೈಗೆ ಹಾಕಿದೆ. ಅಪ್ಪನ ಕೈ ಮೇಲೆ ಅದಿರಿನ ಧೂಳು ಹಾಗೇ ಇತ್ತು. ಎದೆಗೆ ಹಾಕುವ ರಬ್ಬರ್ ಬುಡ್ಡಿಗಳನ್ನು ಅವನೇ ಹಾಕಿದ, ತುದಿಯಲ್ಲಿ ಹಿಡಿದು, ಬೆರಳು ತಾಗದ ಹಾಗೆ, ಸಾಲಾಗಿ ಗೋಡೆಗೆ ಮೊಳೆ ಹೊಡೆದಂತೆ. ಕಾಗದ ಹೊರಬಂತು. ಡಾಕ್ಟರಿಗೆ ಫೋನ್ ಮಾಡಿ ಏನೋ ಓದಿ ಹೇಳಿದ. "ಏನಿಲ್ಲ, ಗ್ಯಾಸ್" ಅಂದ. ಮಾತ್ರೆ ಕೊಟ್ಟ. ಕಾಗದದ ಮೇಲೆ ಅಪ್ಪನ ಹೆಸರೂ ಬರೆಯಲಿಲ್ಲ, ಹೊತ್ತೂ ಬರೆಯಲಿಲ್ಲ.

ರಾತ್ರಿ ಎರಡು ಗಂಟೆಗೆ ಮತ್ತೆ ಶುರುವಾಯಿತು. 108 ಅನ್ನೋದು ನಮ್ಮ ರಾಜ್ಯಕ್ಕೆ ಬಂದದ್ದೇ ಮರುವರ್ಷ, 2008ರಲ್ಲಿ. ಒಂದು ಟಂಟಂ ಹಿಡಿದು ಹೊಸಪೇಟೆಗೆ ಹೊರಟೆವು. ದಾರಿ ತುಂಬ ಅದಿರಿನ ಲಾರಿ, ಒಂದರ ಹಿಂದೆ ಒಂದು ನಿಂತಿವೆ. ಅಪ್ಪ ಹಗಲೆಲ್ಲ ತುಂಬಿದ್ದ ಅದಿರೇ ರಾತ್ರಿ ಅವನ ದಾರಿಗೆ ಅಡ್ಡ ನಿಂತಿತ್ತು. ಹೊಸಪೇಟೆ ಇನ್ನೂ ಐದಾರು ಕಿಲೋಮೀಟರ್ ಇರುವಾಗ ನನ್ನ ತೊಡೆ ಮೇಲೆ ಅಪ್ಪನ ತಲೆ ಭಾರವಾಯಿತು.

ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನು ಮುಂದೆ.

ಎರಡು ವರ್ಷದ ಹಿಂದೆ ಅಂಬೇಡ್ಕರ್ ಜಯಂತಿಗೆ ನಮ್ಮ ಹೊಸಪೇಟೆಯ ಒಂದು ಕೇರಿಯ ಸಮುದಾಯ ಭವನದಲ್ಲಿ ಆರೋಗ್ಯ ಶಿಬಿರ ಮಾಡಿದ್ದೆವು. ಒಬ್ಬ ಸಿಸ್ಟರ್ ಬಂದಿದ್ದರು, ನಮ್ಮವರೇ, ಇಸಿಜಿ ಮೆಷಿನ್ ತಂದಿದ್ದರು. ಜನ ಜಾಸ್ತಿ ಇದ್ದರು. ನಾನು ಸಹಾಯಕ್ಕೆ ನಿಂತೆ. ಮೊದಲ ಅಜ್ಜನಿಗೆ ಕ್ಲಿಪ್ಪು ಹಾಕಿದೆ. ಸಿಸ್ಟರ್ ನೋಡಿ ನಕ್ಕರು. "ಅಕ್ಕಾ, ಕೆಂಪು ಬಲಗೈಗೆ. ನೀವು ಎಡಗೈಗೆ ಹಾಕೀರಿ."

ನಾನು ಅಲ್ಲೇ ಚಾಪೆ ಮೇಲೆ ಕುಸಿದು ಕೂತೆ. ಆವತ್ತು ರಾತ್ರಿ ನಾನು ನಿಂತಿದ್ದ ಜಾಗ ನೆನಪಾಯಿತು. ಅಪ್ಪನ ಎಡಗೈಯಲ್ಲಿ ಅಮ್ಮನ ಹೆಸರಿನ ಹಚ್ಚೆ ಇತ್ತು. ಕೆಂಪು ಕ್ಲಿಪ್ಪು ಆ ಹಚ್ಚೆಯ ಮೇಲೇ ಕೂತಿತ್ತು. ಅದು ನನಗೆ ಇವತ್ತಿಗೂ ಕಾಣುತ್ತದೆ.

ಶಿಬಿರ ಮುಗಿದ ಮೇಲೆ ಸಿಸ್ಟರ್‌ಗೆ ಎಲ್ಲ ಹೇಳಿದೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಮೆಷಿನ್ ಮುಂದೆ ಕೂರಿಸಿಕೊಂಡು ಪಾಠ ಮಾಡಿದರು. ಆ ಪಾಠವನ್ನೇ ನಿಮಗೆ ಹೇಳುತ್ತಿದ್ದೇನೆ.

ಮೊದಲನೆಯದು, ಇಸಿಜಿ ಮೆಷಿನ್ ಮೈಗೆ ಕರೆಂಟ್ ಕೊಡುವುದಿಲ್ಲ. ನಮ್ಮ ಕೇರಿಗಳಲ್ಲಿ ವಯಸ್ಸಾದವರು ಈಗಲೂ "ವೈರು ಹಚ್ಚಿ ಕರೆಂಟ್ ಬಿಡ್ತಾರ" ಅಂತ ಹೆದರಿ ಎದ್ದು ಬರುತ್ತಾರೆ. ಹಾಗಲ್ಲ. ಹೃದಯವೇ ಪ್ರತಿ ಬಡಿತಕ್ಕೂ ಸಣ್ಣ ವಿದ್ಯುತ್ತು ಹುಟ್ಟಿಸುತ್ತದೆ. ಮೈ ಮೇಲೆ ಅಳೆದರೆ ಸುಮಾರು ಒಂದು ಮಿಲಿವೋಲ್ಟ್, ಅಂದರೆ ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲು. ಮೆಷಿನ್ ಅದನ್ನು ಕೇಳಿಸಿಕೊಂಡು ಬರೆಯುತ್ತದೆ, ಅಷ್ಟೇ. ನೆದರ್ಲೆಂಡ್ಸಿನ ಐಂತೋವನ್ ಎಂಬ ವಿಜ್ಞಾನಿ ನೂರಿಪ್ಪತ್ತು ವರ್ಷದ ಹಿಂದೆ ಇದನ್ನು ಸಾಧಿಸಿದ. 1924ರಲ್ಲಿ ಅವನಿಗೆ ನೊಬೆಲ್ ಬಂತು.

ಎರಡನೆಯದು, ಅಷ್ಟು ಸಣ್ಣ ದನಿ ಕೇಳಬೇಕಾದರೆ ಸುತ್ತ ಗದ್ದಲ ಇರಬಾರದು. ಧೂಳು, ಎಣ್ಣೆ, ಬೆವರು ಇದ್ದರೆ ಒರೆಸಬೇಕು. ಜೆಲ್ ಹಚ್ಚಬೇಕು. ಎದೆ ತುಂಬ ಬಳಿದು ಒಂದು ಬುಡ್ಡಿಯ ಜೆಲ್ ಪಕ್ಕದ್ದಕ್ಕೆ ಕೂಡಿದರೂ ಕೆಟ್ಟಿತು, ಆರು ಕಡೆಯ ಮಾತು ಕಲಸಿಹೋಗುತ್ತದೆ. ರೋಗಿ ಅಲ್ಲಾಡಬಾರದು, ಮಾತಾಡಬಾರದು, ಚಳಿಗೆ ನಡುಗುತ್ತಿದ್ದರೆ ಹೊದಿಸಬೇಕು. ಕೈಕಾಲು ಕಬ್ಬಿಣದ ಮಂಚಕ್ಕೆ ತಾಗಬಾರದು. ಚಾರ್ಜಿಗೆ ಹಾಕಿದ ಮೊಬೈಲು, ಪಕ್ಕದಲ್ಲೇ ತಿರುಗುವ ಟೇಬಲ್ ಫ್ಯಾನು ದೂರ ಇರಬೇಕು. ಇಲ್ಲದಿದ್ದರೆ ಗೆರೆ ಗರಗಸದ ಹಲ್ಲಿನ ಹಾಗೆ ಬರುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗ್ ಪಿನ್ನು ಮುರಿದು ಎರಡು ಪಿನ್ನಿನ ಬೋರ್ಡಿಗೆ ತುರುಕುವ ಚಾಳಿ ನಮ್ಮಲ್ಲಿದೆ. ಮೈಗೆ ವೈರು ಹಚ್ಚುವ ಮೆಷಿನ್ನಿಗೆ ಅದು ಮಹಾ ಅಪಾಯ. ಮೆಷಿನ್ ಕರೆಂಟ್ ಕೊಡುವುದಿಲ್ಲ ನಿಜ, ಆದರೆ ಹರಿದ ವೈರು, ಇಲ್ಲದ ಅರ್ಥಿಂಗು, ಒದ್ದೆ ನೆಲ ಕೊಟ್ಟಾವು. ಬ್ಯಾಟರಿ ಯಾವಾಗಲೂ ಚಾರ್ಜ್ ಆಗಿರಬೇಕು. ನಮ್ಮ ಊರುಗಳ ಕರೆಂಟು ಹೃದಯಾಘಾತ ನೋಡಿಕೊಂಡು ಬರುವುದಿಲ್ಲ.

ಮೂರನೆಯದು ನನ್ನ ತಪ್ಪಿಗೆ ಸಂಬಂಧಪಟ್ಟದ್ದು. ಕೈಕಾಲಿಗೆ ನಾಲ್ಕು, ಎದೆಗೆ ಆರು, ಒಟ್ಟು ಹತ್ತು ವೈರು. ಅದರಿಂದ ಹನ್ನೆರಡು ನೋಟ. ಹಂಪಿಗೆ ಬಂದವರು ಕಲ್ಲಿನ ರಥವನ್ನು ಸುತ್ತಲೂ ತಿರುಗಿ ಫೋಟೋ ತೆಗೆಯುವುದಿಲ್ಲವೇ, ಹಾಗೆ. ರಥ ಒಂದೇ, ಒಂದೊಂದು ಕಡೆಯಿಂದ ಒಂದೊಂದು ಬಿರುಕು ಕಾಣುತ್ತದೆ. ನಮ್ಮ ಕಡೆಯ ಮೆಷಿನ್‌ಗಳಲ್ಲಿ ಹೆಚ್ಚಾಗಿ ಕೆಂಪು ಬಲಗೈಗೆ, ಹಳದಿ ಎಡಗೈಗೆ, ಹಸಿರು ಎಡಗಾಲಿಗೆ, ಕಪ್ಪು ಬಲಗಾಲಿಗೆ. ಅಮೆರಿಕದ ಪದ್ಧತಿಯಲ್ಲಿ ಬಣ್ಣಗಳೇ ಬೇರೆ. ಅದಕ್ಕೇ ಬಣ್ಣದ ಜೊತೆಗೆ ಕ್ಲಿಪ್ಪಿನ ಮೇಲಿನ ಅಕ್ಷರವನ್ನೂ ನೋಡಬೇಕು.

"ಕೆಂಪು ಹಳದಿ ಅದಲುಬದಲಾದರೆ ಏನಾಗ್ತದೆ ಸಿಸ್ಟರ್?" ಅಂದೆ. ಅವರು ಕಾಲುವೆಯ ಉದಾಹರಣೆ ಕೊಟ್ಟರು. ತುಂಗಭದ್ರೆಯ ಕಾಲುವೆಯ ಈ ದಂಡೆಯಲ್ಲಿ ನಿಂತರೆ ನೀರು ಎಡದಿಂದ ಬಲಕ್ಕೆ ಹರಿಯುತ್ತದೆ. ಸೇತುವೆ ದಾಟಿ ಆ ದಂಡೆಯಲ್ಲಿ ನಿಂತರೆ ಬಲದಿಂದ ಎಡಕ್ಕೆ. ನೀರು ದಿಕ್ಕು ಬದಲಿಸಲಿಲ್ಲ, ನೋಡುವ ನೀನು ಬದಲಿಸಿದೆ. ಹಾಗೆ, ಮೊದಲನೇ ಸಾಲು ತಲೆಕೆಳಗಾಗುತ್ತದೆ. ಯಾವಾಗಲೂ ಕೆಳಮುಖ ಇರುವ ಎವಿಆರ್ ಅನ್ನೋ ಸಾಲು ಮೇಲ್ಮುಖವಾಗುತ್ತದೆ. ಇಲ್ಲದ ರೋಗ ಇದೆ ಅನಿಸಬಹುದು, ಇರುವ ರೋಗ ಮರೆಯಾಗಬಹುದು.

ಆಮೇಲೆ ಅವರು ಹೇಳಿದ ಮಾತು ನಾನು ಮರೆಯಲಾರೆ. "ಆದರೆ ಅಕ್ಕಾ, ಕೈ ಕ್ಲಿಪ್ಪು ಅದಲಾದರೆ ಎದೆಯ ಆರು ಸಾಲು ಕೆಡೋದಿಲ್ಲ. ಓದಲು ಬರುವವರು ನೋಡಿದ ಕೂಡಲೇ ಹೇಳ್ತಾರೆ, ಕೈ ಅದಲಾಗಿದೆ, ಮತ್ತೊಮ್ಮೆ ತೆಗೀರಿ ಅಂತ. ಆ ಕಾಗದ ಯಾರೂ ಸರಿಯಾಗಿ ನೋಡಲಿಲ್ಲ. ಎದೆಯ ಬುಡ್ಡಿಗಳನ್ನೂ ಸರಿಯಾದ ಜಾಗಕ್ಕೆ ಹಾಕಲಿಲ್ಲ. ನಿಮ್ಮ ತಪ್ಪು ನಿಮ್ಮದೇ, ಇಲ್ಲ ಅನ್ನೋದಿಲ್ಲ. ಆದರೆ ಆ ಕ್ಲಿಪ್ಪು ನಿಮ್ಮ ಕೈಗೆ ಬರಲೇಬಾರದಿತ್ತು."

ಹೌದು, ಬರಬಾರದಿತ್ತು. ಯಾಕೆ ಬಂತು?

ಎದೆಯ ಆರು ಜಾಗ ಹುಡುಕುವುದು ಹೇಗೆ ಅಂತ ಸಿಸ್ಟರ್ ನನ್ನ ಮೈ ಮೇಲೇ ತೋರಿಸಿದರು. ಗಂಟಲ ಕೆಳಗಿನ ಗುಳಿಯಿಂದ ಬೆರಳು ಇಳಿಸುತ್ತ ಬಂದರೆ ಎದೆಮೂಳೆಯ ಮೇಲೆ ಒಂದು ಉಬ್ಬು ಸಿಗುತ್ತದೆ. ಅದರ ಪಕ್ಕದ್ದು ಎರಡನೇ ಪಕ್ಕೆಲುಬು, ಅದರ ಕೆಳಗಿನದು ಎರಡನೇ ಸಂದು. ಅಲ್ಲಿಂದ ಒಂದೊಂದೇ ಸಂದು ಎಣಿಸಬೇಕು. ನಾಲ್ಕನೇ ಸಂದಿನಲ್ಲಿ, ಎದೆಮೂಳೆಯ ಬಲಕ್ಕೆ ಮೊದಲನೆಯದು, ಎಡಕ್ಕೆ ಎರಡನೆಯದು. ಐದನೇ ಸಂದಿನಲ್ಲಿ, ಎಡ ಕೊರಳೆಲುಬಿನ ನಡುವಿನಿಂದ ನೇರ ಕೆಳಗೆ ನಾಲ್ಕನೆಯದು. ಎರಡಕ್ಕೂ ನಾಲ್ಕಕ್ಕೂ ಮಧ್ಯೆ ಮೂರನೆಯದು. ನಾಲ್ಕರ ಮಟ್ಟದಲ್ಲೇ ಪಕ್ಕಕ್ಕೆ ಹೋಗುತ್ತ ಕಂಕುಳ ಮುಂಗೆರೆಯಲ್ಲಿ ಐದು, ಕಂಕುಳ ನಡುಗೆರೆಯಲ್ಲಿ ಆರು.

ಗೆಳೆಯರೇ, ಇದನ್ನು ಮುಟ್ಟದೆ ಮಾಡಲು ಸಾಧ್ಯವೇ ಇಲ್ಲ. ಬೆರಳಿನಿಂದ ಪಕ್ಕೆಲುಬು ಎಣಿಸಲೇಬೇಕು. ದೂರದಲ್ಲಿ ನಿಂತು ಕಣ್ಣಳತೆಯಲ್ಲಿ ಹಾಕಿದರೆ ಒಂದೆರಡು ಸಂದು ಮೇಲೆ ಕೆಳಗಾಗುತ್ತದೆ, ಕಾಗದ ಸುಳ್ಳು ಹೇಳುತ್ತದೆ. ಮುಟ್ಟದವನ ಇಸಿಜಿ ಇಸಿಜಿಯೇ ಅಲ್ಲ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಕಾಠಿಯಾವಾಡದ ಆ ಶಾಲಾ ಮಾಸ್ತರರ ಕಥೆ ನೆನಪಿರಬೇಕು. 1929ರ ಡಿಸೆಂಬರಿನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಬಂದ ಅವರ ಪತ್ರವನ್ನು ಬಾಬಾಸಾಹೇಬರು ಅಲ್ಲಿ ದಾಖಲಿಸಿದ್ದಾರೆ. ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಗೆ ಬರಲು ಒಪ್ಪಲಿಲ್ಲ. ಊರ ದೊಡ್ಡವರು ಫೀಜಿಗೆ ಜಾಮೀನು ನಿಂತ ಮೇಲೆ ಬಂದರು, ಬಂದರೂ ಆಕೆಯನ್ನು ಮುಟ್ಟಲಿಲ್ಲ. ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ, ಅವನು ಮಾಸ್ತರರ ಕೈಗೆ, ಮಾಸ್ತರರು ಹೆಂಡತಿಗೆ. ಅದೇ ದಾರಿಯಲ್ಲಿ ವಾಪಸ್ಸು. ದೀಪದ ಬೆಳಕಲ್ಲಿ ಅದನ್ನು ನೋಡಿ ನ್ಯುಮೋನಿಯಾ ಅಂದರು. ಆಕೆ ಉಳಿಯಲಿಲ್ಲ.

ಕಾಲೇಜಿನಲ್ಲಿ ಓದಿದಾಗ ಇದು ಹಳೆ ಕಾಲದ ಮಾತು ಅಂದುಕೊಂಡಿದ್ದೆ. ಎಪ್ಪತ್ತೆಂಟು ವರ್ಷದ ನಂತರ ಥರ್ಮಾಮೀಟರಿನ ಜಾಗದಲ್ಲಿ ನಾಲ್ಕು ಬಣ್ಣದ ಕ್ಲಿಪ್ಪು ಬಂದಿತ್ತು. ಕೈಯಿಂದ ಕೈಗೆ ದಾಟಿಸುವ ಆ ದಾರಿ ಮಾತ್ರ ಹಾಗೇ ಇತ್ತು.

ಇಲ್ಲಿ ನಾನು ನಿಯತ್ತಾಗಿರಬೇಕು. ಆ ಹುಡುಗ ಜಾತಿ ಹೆಸರು ಹಿಡಿದು ಏನೂ ಅನ್ನಲಿಲ್ಲ. ಸುಸ್ತಾಗಿದ್ದನೇನೋ. ತರಬೇತಿಯೇ ಇರಲಿಲ್ಲವೇನೋ. ಕೋರ್ಟಿನಲ್ಲಿ ಕೇಳಿದರೆ ನನ್ನ ಹತ್ತಿರ ಪುರಾವೆ ಇಲ್ಲ, ಇದ್ದ ಕಾಗದವೂ ಖಾಲಿ. ಆದರೆ "ಯಾವ ಕೇರಿ" ಅನ್ನುವ ಪ್ರಶ್ನೆಗೂ ಹೃದಯದ ಬಡಿತಕ್ಕೂ ಏನು ಸಂಬಂಧ ಅಂತ ಇವತ್ತಿಗೂ ನನಗೆ ಯಾರೂ ಹೇಳಿಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಸ್ಪೃಶ್ಯತೆಯ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿಕೊಳ್ಳದಿರುವುದನ್ನೂ, ಸೇರಿಸಿಕೊಂಡ ಮೇಲೆ ತಾರತಮ್ಯ ಮಾಡುವುದನ್ನೂ ಅಪರಾಧ ಅನ್ನುತ್ತದೆ. ಅದು ಬಾಗಿಲು ಮುಚ್ಚಿದವನನ್ನು ಹಿಡಿಯಬಲ್ಲದು. ಬಾಗಿಲು ತೆರೆದು, ಮಂಚ ಕೊಟ್ಟು, ಎರಡು ಇಂಚು ದೂರದಿಂದ ಬುಡ್ಡಿ ಬಿಟ್ಟವನನ್ನು ಹಿಡಿಯಲು ನಮಗೇ ಆ ಕೆಲಸ ಹೇಗೆ ಮಾಡಬೇಕು ಅನ್ನೋದು ಗೊತ್ತಿರಬೇಕು. ಇದನ್ನೆಲ್ಲ ಬರೆಯುತ್ತಿರುವುದು ಅದಕ್ಕೇ.

ಹೆಣ್ಣುಮಕ್ಕಳ ವಿಷಯ ಇನ್ನೂ ಕಷ್ಟ. ಪರದೆ ಇಲ್ಲ, ಹೆಣ್ಣು ಸಿಬ್ಬಂದಿ ಇಲ್ಲ ಅಂತ ನಮ್ಮವರು ರವಿಕೆ ಬಿಚ್ಚುವುದಿಲ್ಲ. ಹಾಕುವವರೂ ಮುಜುಗರಕ್ಕೆ ಸಿಕ್ಕಿದಲ್ಲಿ ಸಿಕ್ಕಿಸುತ್ತಾರೆ. ಎಡ ಮೊಲೆಯ ಕೆಳಗೆ, ಪಕ್ಕೆಲುಬಿನ ಸಂದಿಗೆ ಅದು ಕೂರಬೇಕು. ರೋಗಿಯೇ ತನ್ನ ಕೈಯಿಂದ ಸರಿಸಿಕೊಳ್ಳಬಹುದು, ಅಥವಾ ಸಿಸ್ಟರ್ ಕೇಳಿಕೊಂಡು ಮುಂಗೈಯ ಹಿಂಬದಿಯಿಂದ ಸರಿಸಬಹುದು. ಮೇಲೆ ಒಂದು ಬಟ್ಟೆ ಹೊದಿಸಬಹುದು. ಮರ್ಯಾದೆಯನ್ನೂ ಉಳಿಸಬಹುದು, ಜೀವವನ್ನೂ ಉಳಿಸಬಹುದು, ಎರಡಕ್ಕೂ ಬೇಕಾದದ್ದು ಒಂದು ಪರದೆ.

ಹೋದ ವರ್ಷ ಕಂಪ್ಲಿಯಲ್ಲಿ ನಮ್ಮತ್ತಿಗೆ, ಅಂದರೆ ಸೋದರಮಾವನ ಹೆಂಡತಿಗೆ, ಭತ್ತದ ನಾಟಿಗೆ ಹೋದಾಗ ದವಡೆ ನೋವು, ಎಡ ಹೆಗಲು ಸೆಳೆತ, ಮೈಯೆಲ್ಲ ಬೆವರು. ಎದೆನೋವು ಇಲ್ಲವೇ ಇಲ್ಲ. ಆಕೆಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಇದ್ದವರಿಗೆ, ಹೆಂಗಸರಿಗೆ ಹೃದಯಾಘಾತ ಎಷ್ಟೋ ಸಲ ಹೀಗೆ ವೇಷ ಹಾಕಿಕೊಂಡು ಬರುತ್ತದೆ. ಮಾವ ಫೋನ್ ಮಾಡಿ "ಗ್ಯಾಸ್ ಇರಬೇಕವ್ವಾ, ಸೋಡಾ ಕುಡಿಸೀನಿ" ಅಂದ. ನಾನು ಫೋನಿನಲ್ಲೇ ಕಿರುಚಿದೆ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಹೊಸಪೇಟೆಯಿಂದ ಓಡಿದೆ.

ನಾನು ಹೋಗುವಷ್ಟರಲ್ಲಿ ಮೊದಲ ಇಸಿಜಿ ಆಗಿತ್ತು. ಅದರಲ್ಲಿ ಏನೂ ಕಾಣಲಿಲ್ಲವಂತೆ. ಮೆಷಿನ್ನೇ ಕಾಗದದ ಮೇಲೆ ನಾರ್ಮಲ್ ಅಂತ ಬರೆದಿತ್ತು. ಆದರೆ ಅಲ್ಲಿನ ಡಾಕ್ಟರಮ್ಮ ಮನೆಗೆ ಕಳಿಸಲಿಲ್ಲ. ನೋವು ಇದ್ದೇ ಇದೆಯಲ್ಲ, ಇನ್ನೊಮ್ಮೆ ತೆಗೀರಿ ಅಂದರು. ಇಪ್ಪತ್ತು ನಿಮಿಷ ಬಿಟ್ಟು ಸಿಸ್ಟರ್ ಮತ್ತೆ ತೆಗೆದರು. ನಾನು ಪರದೆಯ ಒಳಗೇ ನಿಂತಿದ್ದೆ. ಗದ್ದೆಯ ಕೆಸರು ಒದ್ದೆ ಹತ್ತಿಯಿಂದ ಒರೆಸಿದರು. ಸ್ಪಿರಿಟ್ಟಿನಿಂದ ಬುಡ್ಡಿ ಒರೆಸಿದರು. ಬೆರಳಿಟ್ಟು ಪಕ್ಕೆಲುಬು ಎಣಿಸಿದರು, ಒಂದು, ಎರಡು, ಮೂರು, ನಾಲ್ಕು. ಕೆಂಪು ಬಲಗೈಗೆ ಹೋಯಿತು. ನನ್ನ ಕಣ್ಣಲ್ಲಿ ನೀರು ಬಂದದ್ದು ಅತ್ತಿಗಾಗಿ ಅಂತ ಅವರು ಅಂದುಕೊಂಡಿರಬೇಕು.

ಈ ಸಲ ಗೆರೆ ಎದ್ದು ನಿಂತಿತ್ತು. ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಬಳ್ಳಾರಿಗೆ ಕಳಿಸಿದರು. ಅತ್ತಿ ಉಳಿದಳು.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ನಲವತ್ತಾರನೇ ವಯಸ್ಸಿಗೆ ಹೋದಾಗ ನಾವೆಲ್ಲ ಅತ್ತೆವು. ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ಯೋಜನೆಗೆ ಸೇರಿದ ತಾಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳಿಸಿ, ಬೇಕಾದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅದಕ್ಕೂ ಮೊದಲೇ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಮೆಷಿನ್ ಕೊಡಿಸಿ, ವಾಟ್ಸಾಪ್ ಗುಂಪಿನಲ್ಲಿ ಕಾಗದದ ಫೋಟೋ ನೋಡಿ ಸಲಹೆ ಕೊಡುವ ಕೆಲಸ ಶುರು ಮಾಡಿದ್ದರು. ಒಳ್ಳೆಯದೇ. ಆದರೆ ಬೆಂಗಳೂರಿನ ತಜ್ಞ ನೋಡುವುದು ನಮ್ಮ ತಾಲೂಕಿನ ಕೈ ಹಾಕಿದ ಕ್ಲಿಪ್ಪಿನ ಫಲವನ್ನು. ಈ ತುದಿಯ ಕೈ ತಪ್ಪಿದರೆ ಆ ತುದಿಯ ಕಣ್ಣು ಏನು ಮಾಡೀತು?

ಅದಕ್ಕೇ ಇಷ್ಟನ್ನು ಬರೆದಿಟ್ಟುಕೊಳ್ಳಿ, ಕೇರಿಯಲ್ಲಿ ಓದಿ ಹೇಳಿ:

1. ಎದೆ, ದವಡೆ, ಹೆಗಲು, ಬೆನ್ನು ಹಿಡಿದುಕೊಂಡು ಬೆವರು ಬಂದರೆ ಸೋಡಾ ಬೇಡ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆ ಮುಟ್ಟಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಕೇಳಿ.

2. ಕ್ಲಿಪ್ಪು ನಿಮ್ಮ ಕೈಗೆ ಕೊಟ್ಟರೆ ತೆಗೆದುಕೊಳ್ಳಬೇಡಿ. "ನಿಮ್ಮ ಕೆಲಸ ಸರ್, ನೀವೇ ಹಾಕ್ರಿ" ಅನ್ನಿ. ಹಾಗೆ ಕೊಟ್ಟವರ ಹೆಸರು, ಹೊತ್ತು ಬರೆದಿಟ್ಟುಕೊಂಡು ದೂರು ಕೊಡಿ.

3. ಮೈ ಒರೆಸಿದರೇ, ಜೆಲ್ ಹಚ್ಚಿದರೇ, ಪಕ್ಕೆಲುಬು ಎಣಿಸಿದರೇ ನೋಡಿ. ಹೆಣ್ಣುಮಕ್ಕಳಿಗೆ ಪರದೆ ಕೇಳಿ.

4. ಕಾಗದದ ಮೇಲೆ ಹೆಸರು, ತಾರೀಖು, ಗಂಟೆ ಬರೆಸಿ. 25 ಮಿಲಿಮೀಟರ್, 10 ಮಿಲಿಮೀಟರ್ ಎಂಬ ಅಳತೆಯ ಗುರುತು ಇರಬೇಕು. ಅದೇ ಕ್ಷಣ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಆಮೇಲೆ ಜೆರಾಕ್ಸ್ ಮಾಡಿಸಿ.

5. ಮೊದಲ ಕಾಗದ ಸರಿ ಇದ್ದು ನೋವು ನಿಲ್ಲದಿದ್ದರೆ ಮನೆಗೆ ಬರಬೇಡಿ. ಇನ್ನೊಮ್ಮೆ ತೆಗೆಯಿರಿ ಅನ್ನಿ, ರಕ್ತ ಪರೀಕ್ಷೆ ಕೇಳಿ. ಮೆಷಿನ್ ಬರೆದ ನಾರ್ಮಲ್ಲು ಡಾಕ್ಟರ ಮಾತಲ್ಲ.

ನಮ್ಮಪ್ಪ ಆವತ್ತು ಸರಿಯಾದ ಇಸಿಜಿ ಆಗಿದ್ದರೆ ಉಳಿಯುತ್ತಿದ್ದನೇ? ಸಿಸ್ಟರ್ ಹೇಳಲಿಲ್ಲ, ನಾನೂ ಹೇಳಲಾರೆ. ಒಂದು ಸರಿಯಾದ ಕಾಗದ ಅವನಿಗೆ ಸಲ್ಲಬೇಕಿತ್ತು, ಸಲ್ಲಲಿಲ್ಲ. ನಾನು ಹೇಳಬಲ್ಲದ್ದು ಅಷ್ಟೇ.

ಮೊನ್ನೆ ಕಂಪ್ಲಿಗೆ ಹೋಗಿದ್ದೆ. ಅತ್ತಿ ಕಟ್ಟೆ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಆವತ್ತಿನದು ಏನು ನೆನಪೈತಿ ಅತ್ತಿ ಅಂದೆ. ಮೆಷಿನ್ನು, ಇಂಜೆಕ್ಷನ್ನು, ಬಳ್ಳಾರಿ ಯಾವುದನ್ನೂ ಹೇಳಲಿಲ್ಲ. "ಆ ನರಸಮ್ಮನ ಕೈ ಬೆಚ್ಚಗಿತ್ತು ನೋಡು" ಅಂದಳು.

ಬರುವ ಏಪ್ರಿಲ್ 14ಕ್ಕೆ ಹಾರ, ಡಿಜೆಯ ಜೊತೆಗೆ ನಿಮ್ಮ ನಿಮ್ಮ ಕೇರಿಗೆ ಒಬ್ಬ ಸಿಸ್ಟರ್‌ನ, ಒಂದು ಇಸಿಜಿ ಮೆಷಿನ್ನನ್ನ ಕರೆಸಿ. ಹುಡುಗ ಹುಡುಗಿಯರು ನೋಡಿ ಕಲಿಯಲಿ. ಅಕ್ಷರ ಕಲಿತ ಹಾಗೆ ಇದನ್ನೂ ಕಲಿಯೋಣ.

ಕೆಂಪು ಬಲಗೈಗೆ. ಮರೀಬ್ಯಾಡ್ರಿ.

ಜೈ ಭೀಮ್.